ಬಿಸಿಲಿಗೊಂದು ಈರುಳ್ಳಿ

ಮುಂಬಯಿ ಬಳಿಯ ಕಲ್ಯಾಣದಲ್ಲಿ ನಡೆದ ಭಾವಮೈದುನನ ಕಲ್ಯಾಣದಲ್ಲಿ ಹೃಷೀಕೇಶ ರಾಯರು ಬ್ಯಾಂಡಿನವನ ಕಹಳೆಯೊಳಗೆ ವಾಂತಿ ಮಾಡಿಕೊಂಡರು!

ಬೇಕೆಂದು ಮಾಡಿದ್ದಲ್ಲ. ಎಂಬತ್ತೆರಡರ ಏಪ್ರಿಲ್ ತಿಂಗಳು, ನಡು ಮಧ್ಯಾಹ್ನ. ದಿಬ್ಬಣ ಹಾಲ್‌ನ ಕಡೆಗೆ ಮೆರವಣಿಗೆ ಹೋಗುವ ಬದಲು ತೆವಳುತ್ತಿತ್ತು. ರಾಯರ ಮೈಮೇಲೆ ತಮ್ಮದೇ ಮದುವೆಗೆಂದು ಹೊಲಿಸಿದ ಉಣ್ಣೆಯ ಸೂಟು. ಬಿಸಿಲಿಗೆ ಹೋದರೆ ಅವರ ಎಡಗಣ್ಣಿನ ಹಿಂದೆ ಒಬ್ಬ ಬಡಗಿ ಬಂದು ಕೂರುತ್ತಾನೆ. ಮೊದಲು ಸಣ್ಣ ಮೊಳೆ, ಆಮೇಲೆ ದೊಡ್ಡ ಮೊಳೆ. ಮೊಳೆ ಪೂರ್ತಿ ಇಳಿದ ಮೇಲೆ ಹೊಟ್ಟೆ ತೊಳಸಲು ಶುರು. ಅವತ್ತೂ ಅಷ್ಟೇ ಆಯಿತು. ಕಣ್ಣು ಕತ್ತಲಿಟ್ಟ ರಾಯರು ಚರಂಡಿ ಹುಡುಕುತ್ತಿದ್ದಾಗ ಎದುರಿಗೆ ಕಂಡದ್ದು ಅಗಲ ಬಾಯಿಯ, ಫಳಫಳ ಹೊಳೆಯುವ ಹಿತ್ತಾಳೆಯ ಪಾತ್ರೆ. ಬ್ಯಾಂಡಿನವನು ನೀರು ಕುಡಿಯಲೆಂದು ತನ್ನ ದೊಡ್ಡ ಕಹಳೆಯನ್ನು ಬಾಯಿ ಮೇಲಾಗಿ ನೆಲಕ್ಕಿಟ್ಟಿದ್ದ. ನೀರು ಕುಡಿದು ಬಂದವನು ಒಳಗೆ ಇಣುಕದೆ, ಎತ್ತಿ ಉಸಿರು ಕಟ್ಟಿ ಊದಿದ. ಮುಂದಿನದನ್ನು ವರ್ಣಿಸುವುದು ಬೇಡ. ಊಟಕ್ಕೆ ಮುಂಚೆ ಓದುವವರೂ ಇರುತ್ತಾರೆ.

"ಪೀಕೆ ಆಯಾ ಹೈ ಸಾಲಾ!" ಎಂದು ಬ್ಯಾಂಡಿನವನು ಕೂಗಿದ. ಸ್ವರ ಹೊರಡಿಸಿ ಅಭ್ಯಾಸವಿದ್ದ ಗಂಟಲು, ಕುಡಿದು ಬಂದಿದ್ದಾನೆಂಬ ಮಾತು ಇಡೀ ದಿಬ್ಬಣಕ್ಕೆ ಕೇಳಿಸಿತು. ಎಲ್ಲರಿಗಿಂತ ಮೊದಲು ಕೇಳಿಸಿದ್ದು ಮಾವನಿಗೆ.

ಠಾಣೆ ಸ್ಟೇಷನ್ನಿನ ಬದಿಯಲ್ಲಿ ಮಾವನ ಹೋಟೆಲು. ಅಲ್ಲಿಯ ಈರುಳ್ಳಿ ಉತ್ತಪ್ಪ ತಿನ್ನಲು ಪಕ್ಕದ ಕಳವಾ ಊರಿನಿಂದಲೂ ಜನ ಬರುತ್ತಾರೆ. ಮನೆಯಲ್ಲಿ ಮಾತ್ರ ಈರುಳ್ಳಿಯ ಹೆಸರೆತ್ತುವಂತಿಲ್ಲ, ಅಷ್ಟು ಆಚಾರ. ಠಾಣೆಯಲ್ಲಿ ಇದ್ದು ಇದ್ದು ಅವರ ರೀತಿಯೂ ಠಾಣೆಯದ್ದೇ ಆಗಿತ್ತು. ವಿಚಾರಣೆ ಇಲ್ಲ, ನೇರ ಶಿಕ್ಷೆ.

"ಕುಡುಕನ ಮನೆಯಲ್ಲಿ ಇನ್ನು ನಾನು ನೀರೂ ಮುಟ್ಟುದಿಲ್ಲ" ಎಂದುಬಿಟ್ಟರು.

ಪುನರ್ಪುಳಿ ಶರಬತ್ತಿಗಿಂತ ಗಟ್ಟಿಯಾದದ್ದನ್ನು ಜನ್ಮದಲ್ಲಿ ಕುಡಿಯದ ರಾಯರು ಬಾಯಿ ತೆರೆದರು. ಬಾಯಿ ತೆರೆದರೆ ಮತ್ತೆ ವಾಂತಿ ಬರುವ ಹಾಗಿತ್ತು. ಮುಚ್ಚಿಕೊಂಡರು.

ಅಲ್ಲಿಂದೀಚೆಗೆ ಭಾನುವಾರಗಳು ಕೆಟ್ಟವು. ಪ್ರತಿ ಭಾನುವಾರ ಡೊಂಬಿವಲಿಗೆ ಬಂದು ಮಗಳ ಕೈಯ ಊಟ ಮಾಡಿ, ಚಾಪೆಯ ಮೇಲೆ ಗೊರಕೆ ಹೊಡೆದು ಹೋಗುತ್ತಿದ್ದ ಮಾವ ಬರುವುದನ್ನು ಬಿಟ್ಟರು. ಹೆಂಡತಿ ಜಲಜಾಕ್ಷಿ ಬಯ್ಯಲಿಲ್ಲ. ಬೈದಿದ್ದರೆ ರಾಯರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಪ್ಪನ ಬಟ್ಟಲನ್ನು ತೊಳೆದು, ಒರೆಸಿ, ಮತ್ತೆ ಅಟ್ಟಕ್ಕೇ ಇಡುತ್ತಿದ್ದಳು. ರಾಯರು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು.

ಹೃಷೀಕೇಶ ಎಂದರೆ ಇಂದ್ರಿಯಗಳ ಒಡೆಯ ಎಂದರ್ಥವಂತೆ. ಬಿಸಿಲಿನಲ್ಲಿ ಮಾತ್ರ ಆ ಇಂದ್ರಿಯಗಳೆಲ್ಲ ಒಡೆಯನ ವಿರುದ್ಧ ಸ್ಟ್ರೈಕ್ ಹೂಡುತ್ತಿದ್ದವು. ಹುಡುಗನಾಗಿದ್ದಾಗ ಉಡುಪಿಯ ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಕುಸಿದು ಬಿದ್ದರೆ, "ದೇವರ ಹೆಸರು ಕೇಳಿದರೆ ಬೀಳುವ ಹುಡುಗ" ಎಂದು ಸಿಸ್ಟರ್ ಬೇಸರಪಟ್ಟುಕೊಳ್ಳುತ್ತಿದ್ದರು. ಈಗ ನಲವತ್ತು ದಾಟಿ, ರಬಾಳೆಯ ಬಣ್ಣದ ಕಾರ್ಖಾನೆಯಲ್ಲಿ ಅಕೌಂಟೆಂಟ್ ಆದ ಮೇಲೂ ಬೀಳುವುದು ನಿಂತಿರಲಿಲ್ಲ.

ಒಂದು ರಾತ್ರಿ ಸಾರನ್ನ ಕಲಸುತ್ತಾ ರಾಯರು ಗರ್ಜಿಸಿದರು. "ಇನ್ನು ಸಾಕು ಜಲಜಾ! ಸೂರ್ಯ ಒಂದು ಕಡೆ, ಈ ಹೃಷೀಕೇಶ ಒಂದು ಕಡೆ. ಒಂದು ತಿಂಗಳಲ್ಲಿ ಅವನನ್ನು ಸೋಲಿಸದಿದ್ದರೆ ಹೆಸರು ಬದಲಾಯಿಸು!"

"ಅವ ಬೆಳಿಗ್ಗೆ ಆರಕ್ಕೆ ಏಳ್ತಾನೆ ಮಾರಾಯ್ರೆ" ಎಂದಳು ಜಲಜಾಕ್ಷಿ, ಮಜ್ಜಿಗೆ ಬಡಿಸುತ್ತಾ. "ಮೊದಲು ಅದರಲ್ಲಿ ಗೆಲ್ಲಿ."

ಯುದ್ಧ ಛತ್ರಿಯಿಂದ ಶುರುವಾಯಿತು. ಮೇ ತಿಂಗಳಲ್ಲಿ ಕರಿ ಛತ್ರಿ ಬಿಡಿಸಿ ನಡೆದ ಗಂಡಸನ್ನು ಡೊಂಬಿವಲಿ ಹಿಂದೆಂದೂ ಕಂಡಿರಲಿಲ್ಲ. ಹಾಲಿನವನು, ಪೇಪರಿನವನು, ಕೊನೆಗೆ ಬಿಲ್ಡಿಂಗಿನ ವಾಚ್‌ಮನ್ ಕೂಡ ಆಕಾಶ ನೋಡಿ, "ಪಾಊಸ್ ಕುಠೇ ಆಹೇ, ರಾವ್‌ಸಾಹೇಬ್?" ಎಂದು ಕೇಳಿದರು. ಮಳೆ ಎಲ್ಲಿ ಎಂದು ಕೇಳಿದವರಿಗೆಲ್ಲ ತಲೆನೋವಿನ ಚರಿತ್ರೆ ಹೇಳುತ್ತಾ ನಿಂತು, ಅದೇ ಬಿಸಿಲಿನಲ್ಲಿ ತಲೆನೋವು ಬಂತು. ಛತ್ರಿಯನ್ನು ಲೋಕಲ್‌ನಲ್ಲಿ ಬಿಟ್ಟುಬಂದದ್ದು ಮರೆವಿನಿಂದ ಎಂದು ರಾಯರು ಹೇಳುತ್ತಾರೆ.

ಆಮೇಲೆ ಕಪ್ಪು ಕನ್ನಡಕ. ಬೇಸಿಗೆಯಲ್ಲಿ ಕಪ್ಪು ಕನ್ನಡಕ ಹಾಕಿದವನಿಗೆ ಕಣ್ಣುಬೇನೆಯೇ ಸೈ ಎಂಬುದು ಮುಂಬಯಿ ಕಡೆಯ ತೀರ್ಮಾನ. ಕಾಲಿಡಲು ಜಾಗವಿಲ್ಲದ ಲೋಕಲ್‌ನಲ್ಲಿ ಜನ ಹೌಹಾರಿ ಸರಿದರು. ಹನ್ನೆರಡು ವರ್ಷಗಳ ಪ್ರಯಾಣದಲ್ಲಿ ಮೊದಲ ಬಾರಿಗೆ ರಾಯರಿಗೆ ಕಿಟಕಿಯ ಸೀಟು ದಕ್ಕಿತು! ಮಹಾರಾಜನಂತೆ ಕೂತರು. ಆ ಕಿಟಕಿ ಬಿಸಿಲಿನ ಕಡೆಯದ್ದು ಎಂಬುದು ದಿವಾ ದಾಟುವ ಹೊತ್ತಿಗೆ ಗೊತ್ತಾಯಿತು. ಎದ್ದು ಬರೋಣವೆಂದರೆ, ಬೇನೆ ತಮ್ಮ ಕಡೆಗೆ ಬಂದೀತೆಂದು ಯಾರೂ ಅವರನ್ನು ಏಳಲೇ ಬಿಡಲಿಲ್ಲ.

ಅವತ್ತು ಕಾರ್ಖಾನೆಯಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಾಗ ಪಕ್ಕದ ಸ್ಟೋರ್ಸ್ ವಿಭಾಗದ ಹುಲಗಪ್ಪ ಬಂದರು. ರಾಯಚೂರಿನವರು. ಅವರಿಗೆ ಜಗತ್ತಿನ ಎಲ್ಲ ಬಿಸಿಲೂ ತಮ್ಮೂರಿನ ಬಿಸಿಲಿನ ಮುಂದೆ ತೃಣ.

"ಯಾಕ್ರೀ ರಾಯರ, ಮಾರಿ ಹಿಂಗ ಬಾಡೇತಿ?"

"ಬಿಸಿಲು, ಹುಲಗಪ್ಪ. ತಲೆ ಸಿಡೀತದೆ."

"ಇದಕ್ಕ ಬಿಸಲು ಅಂತೀರಿ? ಇದು ಬೆಳದಿಂಗಳ್ರೀ! ಒಂದು ಕೆಲಸ ಮಾಡ್ರಿ. ಕಿಸೆದಾಗ ಒಂದು ಉಳ್ಳಾಗಡ್ಡಿ ಇಟ್ಕೊರ್ರಿ. ಬಿಸಲು ನಿಮ್ಮನ್ನ ಬಿಟ್ಟು ಉಳ್ಳಾಗಡ್ಡಿ ಹಿಡೀತೈತಿ."

"ಉಳ್ಳಾಗಡ್ಡಿ ಅಂದರೆ... ಈರುಳ್ಳಿಯಾ?" ರಾಯರು ದನಿ ತಗ್ಗಿಸಿದರು. ಜೋರಾಗಿ ಹೇಳಿದರೆ ವಾಸನೆ ಡೊಂಬಿವಲಿ ಮುಟ್ಟೀತೆಂಬ ಹೆದರಿಕೆ. "ನಮ್ಮ ಮನೆಯಲ್ಲಿ ಅದು ನಡೆಯುದಿಲ್ಲ ಮಾರಾಯ್ರೆ."

"ತಿನ್ರಿ ಅಂದ್ನೇನ್ರಿ? ಕಿಸೆದಾಗ ಇಟ್ಕೊರ್ರಿ ಅಂದೆ. ಕಿಸೆಗೇನ್ ಜಾತಿ ಐತಿ?"

ವಾದ ರಾಯರಿಗೆ ಹಿಡಿಸಿತು. ಹುಲಗಪ್ಪ ಕೊಟ್ಟ ಈರುಳ್ಳಿಯನ್ನು ಪ್ಯಾಂಟಿನ ಕಿಸೆಗೆ ಇಳಿಸಿದರು. ಏನು ಪವಾಡ! ಮೂರು ದಿನ ಬಡಗಿ ಬರಲೇ ಇಲ್ಲ. ಆ ಮೂರು ದಿನ ಆಕಾಶದಲ್ಲಿ ಮೋಡ ಕವಿದಿದ್ದುದನ್ನು ಗಮನಿಸುವಷ್ಟು ವ್ಯವಧಾನ ಹೊಸ ಭಕ್ತನಿಗೆ ಇರಲಿಲ್ಲ. ಸಂಜೆ ಮನೆಗೆ ಬಂದಾಗ ಈರುಳ್ಳಿಗೆ ಬಾಗಿಲ ಹೊರಗೆ, ಬಲಗಾಲಿನ ಶೂ ಒಳಗೆ ವಸತಿ.

"ಎಂತದೋ ವಾಸನೆ ಬರ್ತಾ ಉಂಟಲ್ಲ?" ಎಂದು ಜಲಜಾಕ್ಷಿ ಮೂಗರಳಿಸಿದರೆ, "ಲೋಕಲ್‌ನಲ್ಲಿ ಬಂದವನಿಂದ ಗಂಧದ ಪರಿಮಳ ಬರ್ತದಾ?" ಎಂದು ರಾಯರು ಸೀದಾ ಸ್ನಾನಕ್ಕೆ ಹೋಗುತ್ತಿದ್ದರು. ಬಾಗಿಲು ಹಾಕಿಕೊಂಡು, ಹೆಂಡತಿಗೆ ಸುಳ್ಳು ಹೇಳಿದ ಬಾಯಿಯನ್ನು ಎರಡು ಸಲ ಮುಕ್ಕಳಿಸುತ್ತಿದ್ದರು.

ಅಷ್ಟರಲ್ಲಿ ಡೊಂಬಿವಲಿಗೆ ಸ್ವಾಮಿಗಳ ಸವಾರಿ ಬಂತು. ಭಕ್ತರ ಮನೆಮನೆಗೆ ಹೋಗಿ ಪಾದಪೂಜೆ ಸ್ವೀಕರಿಸುತ್ತಾರೆ ಎಂಬ ಸುದ್ದಿ ತಂದವಳು ಜಲಜಾಕ್ಷಿಯೇ.

"ನಮ್ಮಲ್ಲಿಗೂ ಹೇಳಿ ಬಂದಿದ್ದೇನೆ. ಅಪ್ಪನಿಗೂ ಹೇಳಿ ಕಳಿಸಿದ್ದೇನೆ. ಸ್ವಾಮಿಗಳು ಪಾದ ಇಟ್ಟ ಮನೆಯಲ್ಲಿ ಊಟ ಬೇಡ ಹೇಳ್ಲಿಕ್ಕೆ ಅಪ್ಪನಿಗೂ ಆಗುದಿಲ್ಲ." ಅಪ್ಪನ ಬಟ್ಟಲನ್ನು ಅಟ್ಟದಿಂದ ಇಳಿಸುತ್ತಾ ಅಂದಳು, "ಅವತ್ತು ಒಂದು ದಿನ ನೆಟ್ಟಗೆ ನಿಂತುಕೊಳ್ಳಿ. ಅಷ್ಟು ಸಾಕು."

"ಕಂಬದ ಹಾಗೆ ನಿಲ್ತೇನೆ ನೋಡು!"

"ಕಂಬ ವಾಂತಿ ಮಾಡುದಿಲ್ಲ."

ಒಂದು ಕೋಣೆ, ಒಂದು ಅಡುಗೆಮನೆಯ ಮನೆ. ಪೂರ್ವಕ್ಕೆ ಮುಖ ಮಾಡಿ ಸ್ವಾಮಿಗಳು ಕೂರಬೇಕೆಂದರೆ ಇದ್ದದ್ದು ಒಂದೇ ಜಾಗ, ಮೋರಿ ಎನ್ನುವ ಸ್ನಾನದ ಬಚ್ಚಲಿನ ಬಾಗಿಲೆದುರು. ಆ ಬಾಗಿಲಿಗೆ ಜಲಜಾಕ್ಷಿ ತನ್ನ ಧಾರೆ ಸೀರೆಯನ್ನೇ ಪರದೆಯಾಗಿ ಇಳಿಬಿಟ್ಟು, ಮುಂದೆ ಪೀಠ ಇಟ್ಟಳು. ಅಡುಗೆಮನೆಯಿಂದ ಹಯಗ್ರೀವದ ಪರಿಮಳ.

ಒಂಬತ್ತಕ್ಕೆ ಬರಬೇಕಾದ ಸವಾರಿ ಹನ್ನೆರಡಾದರೂ ಇಲ್ಲ. ರಸ್ತೆಯ ತಿರುವಿನಲ್ಲಿ ರಾಯರು ಬರಿಗಾಲಿನಲ್ಲಿ, ಬರಿಮೈಯಲ್ಲಿ, ಬರಿದಲೆಯಲ್ಲಿ ನಿಂತಿದ್ದರು. ಗುರುಗಳ ಎದುರು ತಲೆಗೆ ಬಟ್ಟೆ ಸುತ್ತುವ ಹಾಗಿಲ್ಲ, ಉತ್ತರೀಯ ಸೊಂಟಕ್ಕೇ ಬಿಗಿಯಬೇಕು. ಮೋಡ ಹಿಂದಿನ ರಾತ್ರಿಯೇ ಚದುರಿತ್ತು. ಡಾಂಬರು ಕಾದು, ರಾಯರು ಒಮ್ಮೆ ಎಡಗಾಲು ಒಮ್ಮೆ ಬಲಗಾಲು ಎತ್ತುತ್ತಾ ಇದ್ದರು. ಮಾವ ಬಂದಿದ್ದರು. ಮೆಟ್ಟಿಲ ನೆರಳಿನಲ್ಲಿ ನಿಂತು, ಅಳಿಯನ ಕಾಲಿನ ಕುಣಿತವನ್ನು ಕಣ್ಣು ಕಿರಿದು ಮಾಡಿ ಅಳೆಯುತ್ತಿದ್ದರು.

ರಾಯರಿಗೆ ಭಯವಿರಲಿಲ್ಲ. ಮಡಿ ಪಂಚೆಗೆ ಕಿಸೆ ಎಲ್ಲಿಂದ? ಆದರೆ ಉತ್ತರೀಯದ ಬಿಗಿತದ ಅಡಿಯಲ್ಲಿ, ಹೊಕ್ಕುಳಿನ ಪಕ್ಕದಲ್ಲಿ, ಅದು ಭದ್ರವಾಗಿ ಕೂತಿತ್ತು.

ಅಂತೂ ಅಂಬಾಸಿಡರ್ ಬಂತು. ಸ್ವಾಮಿಗಳು ವಯಸ್ಸಾದವರು. ತಲೆಯ ಮೇಲಿನ ಕಾವಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹೊದ್ದಿದ್ದರು, ಹುಬ್ಬು ಗಂಟಿಕ್ಕಿತ್ತು. ಪೂರ್ಣಕುಂಭ, ಮಂತ್ರ, ಮೆಟ್ಟಿಲು, ಪೀಠ, ಎಲ್ಲ ಸಾಂಗವಾಗಿ ನಡೆಯಿತು. ಕೋಣೆ ತುಂಬ ನೆರೆಯವರು. ರಾಯರ ಎಡಗಣ್ಣಿನ ಹಿಂದೆ ಬಡಗಿ ಆಗಲೇ ದೊಡ್ಡ ಮೊಳೆಗೆ ಬಂದಿದ್ದ. ಆದರೂ ರಾಯರು ಪಾದ ತೊಳೆದರು, ಹೂ ಏರಿಸಿದರು. ಮಾವನ ಮುಖ ಕಾಣುವಷ್ಟು ಸಡಿಲವಾಗಿತ್ತು. ಇನ್ನು ಉಳಿದದ್ದು ಒಂದು ನಮಸ್ಕಾರ.

ರಾಯರು ಸಾಷ್ಟಾಂಗ ಅಡ್ಡಬಿದ್ದರು.

ಹೊಟ್ಟೆಯ ಭಾರಕ್ಕೆ ಉತ್ತರೀಯ ಸಡಿಲಿತು. ಕೆಂಪಗೆ, ದುಂಡಗೆ, ಯಾವ ಅವಸರವೂ ಇಲ್ಲದೆ, ಈರುಳ್ಳಿ ಉರುಳಿಕೊಂಡು ಹೋಗಿ ಸ್ವಾಮಿಗಳ ಪಾದುಕೆಗೆ ತಾಗಿ ನಿಂತಿತು. ನಮಸ್ಕಾರಕ್ಕೆ ಅದೇ ಮೊದಲು ಮುಟ್ಟಿತೆನ್ನಬೇಕು!

ಗಂಟೆ ಬಾರಿಸುತ್ತಿದ್ದವರ ಕೈ ನಿಂತಿತು. ಸ್ವಾಮಿಗಳ ಪರಿಚಾರಕರು ಹಾವು ಕಂಡವರಂತೆ ಹಿಂದಕ್ಕೆ ಹಾರಿದರು. ಜಲಜಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇವ ಕುಡುಕ ಅಂತ ಮಾತ್ರ ತಿಳಿದಿದ್ದೆ!" ಮಾವ ಈರುಳ್ಳಿಯತ್ತ ಬೆರಳು ತೋರಿಸಿದರು. "ಮಡಿಯೊಳಗೆ ಈರುಳ್ಳಿ! ಈ ಮನೆಗೆ ಇದು ಬಂದದ್ದಾದರೂ ಎಲ್ಲಿಂದ?"

"ನಿಮ್ಮ ಹೋಟೆಲಿನಿಂದಲೇ, ಮಾವ" ಎಂದರು ರಾಯರು, ನೆಲಕ್ಕೆ ಹಣೆಯಿಟ್ಟೇ. "ಮೊದಲಿನದು ಮೆತ್ತಗಾಗಿತ್ತು, ನಿನ್ನೆ ಅಡುಗೆಯವರು ಹಿಂದಿನ ಗೋಣಿಯಿಂದ ಕೊಟ್ಟರು."

ಯಾರೋ ನಕ್ಕು, ನಕ್ಕದ್ದನ್ನು ಕೆಮ್ಮಾಗಿಸಿದರು. ಮಾವ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದರು.

ಸ್ವಾಮಿಗಳು ಕೈ ಎತ್ತಿದರು. "ಇದನ್ನು ಯಾಕೆ ಇಟ್ಟುಕೊಂಡದ್ದು?"

ಏಳುವ ಧೈರ್ಯವಿಲ್ಲದೆ ರಾಯರು ನೆಲದ ಹಾಸುಗಲ್ಲಿಗೇ ಎಲ್ಲವನ್ನೂ ಹೇಳಿದರು. ನಾಚಿಕೆಯಿಂದ ಕಿವಿ ಕೆಂಪಾಗಿ, ಈರುಳ್ಳಿಯ ಬಣ್ಣಕ್ಕೆ ಬಂದಿತ್ತು. "ಬಿಸಿಲಿಗೆ ಸ್ವಾಮೀ. ಬಿಸಿಲಿಗೆ ಹೋದರೆ ತಲೆನೋವು, ವಾಂತಿ. ಕಲ್ಯಾಣದಲ್ಲಿ ಆದದ್ದೂ ಅದೇ. ಕುಡಿದದ್ದಲ್ಲ. ಇದನ್ನು ಇಟ್ಟುಕೊಂಡರೆ ಬರುದಿಲ್ಲ ಅಂತ ಒಬ್ಬರು ಹೇಳಿದರು. ಇವಳಿಗೂ ಹೇಳದೆ ಇಟ್ಟುಕೊಂಡೆ."

"ಅಂದರೆ ಔಷಧಿಯಾಗಿ."

"ಹೌದು ಸ್ವಾಮೀ."

"ಔಷಧಿಗೆ ದೋಷ ಇಲ್ಲ" ಎಂದರು ಸ್ವಾಮಿಗಳು.

ಕೋಣೆಗೆ ಕೋಣೆಯೇ ಉಸಿರು ಬಿಟ್ಟಿತು. ಮಾವ ಕ್ಯಾಲೆಂಡರಿನಿಂದ ಮುಖ ತಿರುಗಿಸಿ, ಮೊದಲ ಸಲ ಅಳಿಯನ ಬೆನ್ನನ್ನು ಮನುಷ್ಯನ ಬೆನ್ನೆಂಬಂತೆ ನೋಡಿದರು. ಜಲಜಾಕ್ಷಿಯ ಕೈ ಬಾಳೆಲೆಗಳ ಕಟ್ಟಿನತ್ತ ಹೋಯಿತು.

ಸ್ವಾಮಿಗಳು ಮುಂದಕ್ಕೆ ಬಾಗಿದರು. ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿಕೊಂಡು, ದನಿ ತಗ್ಗಿಸಿ ಕೇಳಿದರು. "ನಮಗೂ ಬೆಳಗ್ಗಿನಿಂದ ತಲೆ ಸಿಡಿಯುತ್ತಾ ಉಂಟು. ನಿಜ ಹೇಳಿ. ಇದರಿಂದ ಗುಣ ಉಂಟೋ?"

ರಾಯರು ಮೆಲ್ಲನೆ ತಲೆಯೆತ್ತಿದರು. ಮಾವ ಕಾಯುತ್ತಿದ್ದರು. ಜಲಜಾಕ್ಷಿ ಉಸಿರು ಹಿಡಿದು, ಕಣ್ಣಿನಲ್ಲೇ 'ಉಂಟು ಅನ್ನಿ, ಉಂಟು ಅನ್ನಿ' ಎಂದು ಬೇಡುತ್ತಿದ್ದಳು. ಅಂದುಬಿಟ್ಟರೆ ಮಾನವೂ ಉಂಟು, ಮಾವನೂ ಉಂಟು. ಆದರೆ ಎಡಗಣ್ಣಿನ ಹಿಂದೆ ಮೊಳೆ ಪೂರ್ತಿ ಇಳಿದಿತ್ತು. ರಾಯರು ಬಾಯಿ ತೆರೆದರು.

"ಇಲ್ಲ ಸ್ವಾಮೀ, ಎಳ್ಳಷ್ಟೂ ಇಲ್ಲ. ತಾವು ಪೀಠ ಒಂಚೂರು ಸರಿಸಿದರೆ... ನಾನು ಮೋರಿಗೆ ಹೋಗಬೇಕಿತ್ತು."