ಗಿಳಿಹಸಿರು ಕಟಕಟೆ

ಹಳೆಯ ಕಟ್ಟಡಗಳನ್ನು ಪ್ರೀತಿಸುವವರಲ್ಲಿ ಎರಡು ಜಾತಿ. ಅವುಗಳೊಳಗೆ ಬದುಕುವವರದು ಒಂದು, ಹೊರಗೆ ನಿಂತು ಆಹಾ ಎನ್ನುವವರದು ಇನ್ನೊಂದು. ನಾನು ಎರಡನೆಯ ಜಾತಿಯವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಾನಪಾಡಾದ ಒಂಬತ್ತನೇ ಮಹಡಿಯಲ್ಲಿ ನಮ್ಮ ಮನೆ. ಲಿಫ್ಟ್ ಇದೆ, ಇಪ್ಪತ್ತನಾಲ್ಕು ಗಂಟೆ ನೀರಿದೆ, ಎರಡು ಬಚ್ಚಲುಗಳಿವೆ. ಅವುಗಳಲ್ಲೊಂದರಲ್ಲಿ ಹಳೆಯ ಟೇಬಲ್ ಫ್ಯಾನನ್ನೂ ಮಗಳ ಸೈಕಲ್ಲನ್ನೂ ಇಟ್ಟಿದ್ದೇವೆ. ಇಷ್ಟು ಅನುಕೂಲದಲ್ಲಿ ಕೂತು ನಾನು ಪ್ರೀತಿಸುವುದು ಠಾಣೆಯ ಕೋಪರಿಯಲ್ಲಿರುವ, ನಾನು ಹುಟ್ಟಿ ಬೆಳೆದ ಎರಡಂತಸ್ತಿನ ಲಕ್ಷ್ಮೀ ನಿವಾಸ ಎಂಬ ಬಾಡಿಗೆ ಕೋಣೆಗಳ ಚಾಳನ್ನು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಈ ಬೆಟ್ಟ ಅಷ್ಟೇನೂ ದೂರವಿಲ್ಲ, ಅರ್ಧ ಗಂಟೆಯ ಲೋಕಲ್ ರೈಲಿನ ಪ್ರಯಾಣ. "ಇಷ್ಟು ಪ್ರೀತಿ ಇದ್ದವರು ಅದನ್ನು ಬಿಟ್ಟು ಬಂದದ್ದು ಯಾಕೆ?" ಎಂದು ನನ್ನ ಹೆಂಡತಿ ವನಜಾ ಆಗಾಗ ಕೇಳುತ್ತಾಳೆ. ಆಫೀಸು ಹತ್ತಿರ, ಮಗಳ ಶಾಲೆ ಹತ್ತಿರ ಎಂದು ಒಂದೊಂದು ಸಲ ಒಂದೊಂದು ಉತ್ತರ ಕೊಡುತ್ತೇನೆ. ನಿಜವಾದ ಉತ್ತರ ಇಪ್ಪತ್ತೆರಡು ಕೋಣೆಗಳಿಗೆ ಇದ್ದ ನಾಲ್ಕು ಸಂಡಾಸುಗಳು. ಅದನ್ನು ಅವಳ ಮುಂದೆ ಹೇಳಲು ನನ್ನ ಇತಿಹಾಸಪ್ರೇಮ ಒಪ್ಪುವುದಿಲ್ಲ.

ನಿವೃತ್ತನಾದ ಮೇಲೆ ಪ್ರತಿ ಭಾನುವಾರ ಅಲ್ಲಿಗೆ ಹೋಗುವುದು ಅಭ್ಯಾಸವಾಗಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿದರೆ ನನಗೆ ಅರೆನಿದ್ದೆ ಹತ್ತುತ್ತದೆ. ನಿದ್ದೆಯಲ್ಲೇ ನಾನು ಲಕ್ಷ್ಮೀ ನಿವಾಸದ ಮೆಟ್ಟಿಲು ಹತ್ತಲು ಶುರು ಮಾಡಿರುತ್ತೇನೆ. ಒಮ್ಮೆ ಹಾಗೆ ಹತ್ತುತ್ತ ಹತ್ತುತ್ತ ಕಣ್ಣು ಬಿಟ್ಟರೆ ಕೋಪರಖೈರಣೆ. ಗಾಡಿ ಠಾಣೆಯವರೆಗೆ ಹೋಗಿ, ನನ್ನನ್ನು ಎಬ್ಬಿಸದೆ, ವಾಪಸ್ ಹೊರಟಿತ್ತು. ಬೇಸರವೇನೂ ಆಗಲಿಲ್ಲ, ಮೆಟ್ಟಿಲಂತೂ ಹತ್ತಿಯಾಗಿತ್ತು. ಆ ಮೆಟ್ಟಿಲುಗಳೇ ಹಾಗೆ. ಎಷ್ಟೋ ಜನರ ಪಾದ ಬಿದ್ದು ಬಿದ್ದು ನಡುವೆ ತಗ್ಗಾಗಿವೆ, ಕಾಲಿಟ್ಟರೆ ಅವೇ ಕಾಲನ್ನು ಸರಿಯಾದ ಜಾಗಕ್ಕೆ ಕರೆದುಕೊಳ್ಳುತ್ತವೆ. ಮೇಲೆ ಉದ್ದನೆಯ ಗ್ಯಾಲರಿ. ನೆಲಕ್ಕೆ ಕಪ್ಪು, ಇಟ್ಟಿಗೆಗೆಂಪು, ಕೆನೆಬಣ್ಣದ ಹೂವಿನ ಹಂಚು. ಅಂಚಿಗೆ ಸಾಗುವಾನಿಯ ಕಟಕಟೆ, ಅದರ ಕೆಳಗೆ ಸಾಲಾಗಿ ಕಡೆದ ಮರದ ಕಂಬಿಗಳು. ಮಧ್ಯಾಹ್ನ ದಾಟಿದ ಮೇಲೆ ಆ ಕಂಬಿಗಳ ನೆರಳು ಹೂವಿನಿಂದ ಹೂವಿಗೆ ಮೆಲ್ಲಗೆ ಸರಿಯುತ್ತದೆ. ಗೋಡೆಯ ಕಡೆಯಿಂದ ಮೂರನೆಯ ಹೂವಿಗೆ ಬಂದರೆ ಚಹಾದ ಹೊತ್ತು. ನಾವು ಗಡಿಯಾರ ಕೊಂಡದ್ದು ನಾನು ಏಳನೇ ಕ್ಲಾಸಿಗೆ ಬಂದಾಗ. ಅದು ನೆರಳಿಗಿಂತ ಹತ್ತು ನಿಮಿಷ ಹಿಂದೆ ಓಡುತ್ತಿತ್ತು.

ಅಲ್ಲಿ ನನಗೆ ಚಹಾ ಕೊಡುವವರು ಮೂರನೇ ಕೋಣೆಯ ಸುಮತಿಯಕ್ಕ. ಕುಂದಾಪುರದ ಕಡೆಯಿಂದ ಮದುವೆಯಾಗಿ ಈ ಕೋಣೆಗೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ, ಎರಡೂ ಮೊಣಕಾಲು ನೋವು. ಕಟ್ಟಡವನ್ನು ಕೆಡವಿ ಹದಿನಾಲ್ಕು ಮಹಡಿ ಎಬ್ಬಿಸಲು ಒಬ್ಬ ಬಿಲ್ಡರ್ ಎರಡು ವರ್ಷಗಳಿಂದ ಓಡಾಡುತ್ತಿದ್ದಾನೆ. ಎಲ್ಲರೂ ಸಹಿ ಹಾಕಿದರೆ ಮೂರು ವರ್ಷ ಬೇರೆಲ್ಲೋ ಬಾಡಿಗೆಗೆ ಇರಬೇಕು, ಆಮೇಲೆ ಹೊಸ ಮನೆ. "ಮನೆಯೊಳಗೆ ಕಕ್ಕಸು ಬೇಕು ಅಂತ ನನಗೂ ಉಂಟು ಮಾರಾಯ," ಎಂದಿದ್ದರು ಅಕ್ಕ. "ಆದ್ರೆ ಮೂರು ವರ್ಷ ಆ ಕಲ್ಯಾಣ ಸ್ಟೇಶನ್ನಿನ ಆಚೆ ಗುರ್ತು ಪರಿಚಯ ಇಲ್ಲದಲ್ಲಿ ಕೂತ್ಕೊಂಡ್ರೆ, ಹೊಸ ಮನೆ ಬರುವಾಗ ನಾನಿರ್ಬೇಕಲ್ಲ." ಅವರು ಇದನ್ನು ಅವಲಕ್ಕಿ ಆರಿಸುತ್ತ ಹೇಳಿದರು.

ಅಂಥ ಒಂದು ಭಾನುವಾರ ಕೆಳಗೆ ರಸ್ತೆಯಲ್ಲಿ ಒಬ್ಬಳು ಹುಡುಗಿ ತಲೆಯೆತ್ತಿ ನಮ್ಮ ಕಟಕಟೆಯನ್ನೇ ನೋಡುತ್ತಿದ್ದಳು. ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದರೂ ಅವಳಿಗೆ ಖಬರಿಲ್ಲ. ನಮ್ಮ ಜಾತಿಯವಳೇ ಎಂದು ಗುರುತು ಹಿಡಿದು ಕೆಳಗಿಳಿದೆ. ಹೆಸರು ಗೌರಿ, ಕಟ್ಟಡಗಳ ನಕ್ಷೆ ಮಾಡುವ ಕೆಲಸ. ಠಾಣೆಯಲ್ಲಿ ಉಳಿದಿರುವ ಹಳೆಯ ಮನೆಗಳನ್ನು ಗೆಳೆಯರೊಡನೆ ಸೇರಿ ದಾಖಲೆ ಮಾಡುತ್ತಿದ್ದಾಳಂತೆ. ಮರ, ನೆಲ ಎಲ್ಲ ಮೂಲದಂತೆಯೇ ಇದ್ದರೆ ಕೆಡವದೆ ರಿಪೇರಿ ಮಾಡಬಹುದು ಎಂದು ವರದಿ ಬರೆಯಬಹುದು, ಹಿಂಬದಿಯ ಜಾಗದಲ್ಲಿ ಕೋಣೆಗೊಂದು ಸಂಡಾಸು ಕೂಡ ಕಟ್ಟಬಹುದು, ಮುಂದಿನ ತಿಂಗಳ ಬಾಡಿಗೆದಾರರ ಸಭೆಯಲ್ಲಿ ಅದನ್ನು ಮಂಡಿಸಬಹುದು ಎಂದಳು. ಬರುವ ಭಾನುವಾರ ಒಬ್ಬ ಹಿರಿಯ ಇಂಜಿನಿಯರರನ್ನು ಕರೆತರುವುದಾಗಿಯೂ ಹೇಳಿದಳು. ಆ ವಾರವಿಡೀ ಖುಷಿಗೆ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಗುರುವಾರ ಸುಮತಿಯಕ್ಕನಿಗೆ ಫೋನ್ ಮಾಡಿದೆ. ಮಾಡಬಾರದಿತ್ತು. "ಅಕ್ಕ, ಭಾನುವಾರ ದೊಡ್ಡ ಮಂದಿ ನೋಡಲಿಕ್ಕೆ ಬರ್ತಾರೆ. ಸ್ವಲ್ಪ ಚೊಕ್ಕ ಮಾಡಿಸಿ ಇಡಿ," ಎಂದೆ. ಸರ್ವನಾಶಕ್ಕೆ ಇಷ್ಟು ಸಾಕಾಯಿತು. ನೋಡಲು ಬರುತ್ತಾರೆ ಎಂದರೆ ನಮ್ಮವರು ಏನು ಮಾಡುತ್ತಾರೆ ಎಂಬುದು ನನಗೆ ಗೊತ್ತಿರಬೇಕಿತ್ತು. ಹಿಂದೆ ನನ್ನ ಒಡಹುಟ್ಟಿದ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಅಮ್ಮ ಹಿಂದಿನ ದಿನ ಕುರ್ಚಿಗಳಿಗೆಲ್ಲ ಬಣ್ಣ ಹೊಡೆಸಿದ್ದಳು. ಮಳೆಗಾಲ, ಒಣಗಿರಲಿಲ್ಲ. ಗಂಡಿನ ತಂದೆ ಮಾತು ಮುಗಿಸಿ ಎದ್ದಾಗ ಅವರ ಬಿಳಿ ಪಂಚೆಯ ಹಿಂಭಾಗದಲ್ಲಿ ಕುರ್ಚಿಯ ನಾಲ್ಕು ನೀಲಿ ಪಟ್ಟಿಗಳು ಎದ್ದುಬಂದಿದ್ದವು. ಸಂಬಂಧ ಕುದುರಿತು, ಆದರೆ ಬಾವ ಇಂದಿಗೂ ನಮ್ಮ ಮನೆಯಲ್ಲಿ ಕೂರುವ ಮೊದಲು ಕುರ್ಚಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾನೆ.

ಭಾನುವಾರ ರಸ್ತೆಯ ತಿರುವಿನಿಂದಲೇ ನನಗೆ ಅದು ಕಾಣಿಸಿತು. ಇನ್ನೂ ಲೋಕಲಿನಲ್ಲಿ ನಿದ್ದೆ ಮಾಡುತ್ತಿದ್ದೇನೆ ಎಂದುಕೊಂಡೆ. ಕಟಕಟೆಯ ಉದ್ದಕ್ಕೂ ಗಿಳಿಹಸಿರು ಬಣ್ಣ, ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಗೋಡೆ ಗುಲಾಬಿಯಾಗಿತ್ತು. ಮೇಲೆ ಹೋದರೆ ಹೂವಿನ ಹಂಚು ಮಾಯವಾಗಿ, ಅದರ ಮೇಲೆ ಅಮೃತಶಿಲೆಯ ಚಿತ್ರವಿರುವ ಪ್ಲಾಸ್ಟಿಕ್ ಹಾಸು ಮಲಗಿತ್ತು. ಮೆಟ್ಟಿಲ ಬಳಿ ಬ್ರಶ್ ತೊಳೆಯುತ್ತ ನಿಂತಿದ್ದವನು ಕೆಳಗಿನ ಕೋಣೆಯ ಮಲ್ಲಪ್ಪ, ಕಲಬುರಗಿಯಿಂದ ಬಂದು ಬಣ್ಣದ ಕೆಲಸ ಮಾಡುವವನು. ಮುಖದಲ್ಲಿ ಮಗಳ ಮದುವೆ ಮುಗಿಸಿದವನ ತೃಪ್ತಿ.

"ಇದೇನು ಮಲ್ಲಪ್ಪ?" ಎಂದೆ.

"ಮಂದಿ ಬರ್ತಾರಂದ್ರ ಮನಿ ಹಂಗ ಇಡ್ಲಿಕ್ಕಾಗ್ತದೇನ್ರಿ ಸಾಹೇಬ್ರ? ಅಕ್ಕಾರು ಹೇಳಿದ್ರು, ಎಲ್ಲಾರೂ ಕೈ ಹಚ್ಚಿದ್ರು. ನಾ ಕೂಲಿ ಏನೂ ತಗೊಂಡಿಲ್ರಿ, ಇದು ನಮ್ದೂ ಮನಿ ಅಲ್ಲೇನ್ರಿ? ಎರಡ್ ಕೋಟ್ ಹೊಡದೀನಿ. ಹತ್ತ್ ವರ್ಷ ಏನೂ ಆಗಂಗಿಲ್ಲ."

ಹತ್ತು ವರ್ಷ ಎಂಬ ಮಾತು ಕೇಳಿ ಕಟಕಟೆಯನ್ನು ಉಗುರಿನಿಂದ ಕೆರೆದು ನೋಡಿದೆ, ಬಣ್ಣ ಕದಲಲಿಲ್ಲ. ಬೈಯೋಣವೆಂದರೆ ಯಾರನ್ನು ಬೈಯುವುದು? ಇಪ್ಪತ್ತೆರಡು ಮನೆಯವರು ಮೂರು ದಿನ ಗೋಡೆ ತಿಕ್ಕಿದ್ದಾರೆ. ಎರಡನೇ ಅಂತಸ್ತಿನ ಮಕ್ಕಳು ಬಾಗಿಲಿಗೆ ತೋರಣ ಕಟ್ಟಿದ್ದಾರೆ. ಸುಮತಿಯಕ್ಕ ನೋಯುವ ಮೊಣಕಾಲಿನ ಮೇಲೆ ನಿಂತು ಮೂವತ್ತು ಮಂದಿಗೆ ಸಜ್ಜಿಗೆ-ಅವಲಕ್ಕಿ ಮಾಡಿ, ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟಿದ್ದಾರೆ. ಈ ಕಟ್ಟಡವನ್ನು ಇಷ್ಟು ಜನ ಇಷ್ಟು ಪ್ರೀತಿಯಿಂದ ಮುಟ್ಟಿದ್ದನ್ನು ನಾನು ಈ ಮೊದಲು ನೋಡಿರಲಿಲ್ಲ.

ಗೌರಿ ಹತ್ತಕ್ಕೆ ಸರಿಯಾಗಿ ಬಂದಳು. ಮೆಟ್ಟಿಲು ಹತ್ತಿ ಗ್ಯಾಲರಿಯಲ್ಲಿ ನಿಂತಳು. ಜೊತೆಗಿದ್ದ ಹಿರಿಯ ಇಂಜಿನಿಯರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಬಣ್ಣ ಅಲ್ಲೇ ಇತ್ತು. "ಕಾಕಾ, ಹೇ ಕಾಯ್ ಕೇಲಂ?" ಎಂದು ಗೌರಿ ನನ್ನ ಕಡೆ ತಿರುಗಿದಳು. ಏನು ಮಾಡಿಬಿಟ್ಟಿರಿ ಎಂದು ಅವಳು ಕೇಳಿದ್ದು. ನಾನು ತೋರಣವನ್ನು ನೋಡತೊಡಗಿದೆ. ಮೂಲದ ಮೇಲ್ಮೈ ಒಂದು ಗೇಣಾದರೂ ಉಳಿದಿದ್ದರೆ ಮರ ಯಾವುದು, ಹೇಗಿದೆ ಎಂದು ವರದಿಯಲ್ಲಿ ತೋರಿಸಬಹುದಿತ್ತು ಎನ್ನುತ್ತ ಅವಳು ಕಟಕಟೆಯ ಉದ್ದಕ್ಕೂ ನಡೆದಳು. ಮೂರನೇ ಕೋಣೆಯ ಮುಂದೆ ನಿಂತುಬಿಟ್ಟಳು. ಅಲ್ಲಿ ಒಂದು ಮೊಳದಷ್ಟು ಜಾಗಕ್ಕೆ ಬಣ್ಣ ಬಳಿದಿರಲಿಲ್ಲ. ಹಳೆಯ ಸಾಗುವಾನಿ ಜೇನಿನ ಬಣ್ಣದಲ್ಲಿ ಹಾಗೇ ಇತ್ತು. ಅದರ ಮೇಲೆ ಆಳವಾಗಿ ಕೊರೆದ ಎರಡು ಅಕ್ಷರ.

ಗೌರಿಯ ಕಣ್ಣು ಅರಳಿತು. ಇದು ಕನ್ನಡವಲ್ಲವೇ, ಕಟ್ಟಿಸಿದವರ ಹೆಸರೋ, ಬಡಗಿಯ ಗುರುತೋ, ಓದಿ ಹೇಳಿ ಎಂದು ನನ್ನನ್ನು ಕೇಳಿ, ಇಂಜಿನಿಯರರನ್ನೂ ಕರೆದಳು. ಅವರು ಭೂತಗನ್ನಡಿ ಹೊರತೆಗೆದರು. ಒಂದು ಕ್ಷಣ ನನಗೂ ದುರಾಸೆ ಬಂತು. ದೊಡ್ಡ ಬಡಗಿಯೊಬ್ಬನ ಹೆಸರು ಎಂದು ಹೇಳಿದರೆ ಯಾರು ಕೇಳುತ್ತಾರೆ? ಅಷ್ಟರಲ್ಲಿ ಸುಮತಿಯಕ್ಕ ಚಹಾದ ತಟ್ಟೆಯೊಂದಿಗೆ ಬಂದು, ತಮ್ಮ ಮರಾಠಿಯಲ್ಲಿ, "ತ್ಯಾನೇಚ್ ಕೇಲಂ," ಎಂದು ನನ್ನ ಕಡೆ ಗದ್ದದಿಂದ ತೋರಿಸಿದರು. ಇವನೇ ಮಾಡಿದ್ದು.

ನಿಜ. ಎರಡನೇ ಕ್ಲಾಸಿನಲ್ಲಿ ಅಣ್ಣನ ಕಂಪಾಸು ಕದ್ದು 'ರಾಘು' ಎಂದು ಕೊರೆದಿದ್ದೆ. ಕಂಡು ಹಿಡಿದು ಕಿವಿ ಹಿಂಡಿದ್ದು ಇದೇ ಸುಮತಿಯಕ್ಕ.

"ಮಲ್ಲಪ್ಪ ಅದಕ್ಕೂ ಬಣ್ಣ ಹಾಕ್ಲಿಕ್ಕೆ ಬಂದಿದ್ದ," ಎಂದು ಅಕ್ಕ ನನಗೆ ಕನ್ನಡದಲ್ಲಿ ಹೇಳಿದರು. "ಬೇಡ ಅಂದೆ. ನಮ್ಮ ರಾಘು ಬರೆದದ್ದು ಇರ್ಲಿ ಅಂತ. ನೀನು ಬಿಟ್ಟು ಹೋದ್ಮೇಲೆ ನಾನು ದಿನಾ ಅಲ್ಲೇ ಅಲ್ವಾ ಕೈ ಇಟ್ಟು ನಿಲ್ಲುದು." ಚಹಾ ಬಿಸಿಯಾಗಿದೆ ಎಂದು ಕಣ್ಣು ಒರೆಸಿಕೊಂಡೆ.

ಒಂದು ಮೊಳ ಸಾಕಾಯಿತು. ಮರ ಗಟ್ಟಿಯಾಗಿದೆ ಎಂದು ಇಂಜಿನಿಯರರು ಅಲ್ಲೇ ಬರೆದುಕೊಂಡರು. ಪ್ಲಾಸ್ಟಿಕ್ ಹಾಸನ್ನು ಸುತ್ತಿ ಬದಿಗಿಟ್ಟರು, ಹೂವುಗಳು ಕ್ಷೇಮವಾಗಿದ್ದವು. ಬಣ್ಣವನ್ನು ಮಾತ್ರ ಯಾರಾದರೂ ತಗಡಿನ ಪಟ್ಟಿ ಹಿಡಿದು, ಅವಸರವಿಲ್ಲದೆ, ಕೈಯಿಂದಲೇ ಕೆರೆಯಬೇಕಂತೆ. ಕಂಬಿಗಳು ಒಟ್ಟು ತೊಂಬತ್ತಾರು. ಯಾರು ಕೆರೆಯುವುದು ಎಂದು ಗೌರಿ ಕೇಳಿದಾಗ ಲಕ್ಷ್ಮೀ ನಿವಾಸದಲ್ಲಿ ಇಷ್ಟು ವರ್ಷ ಇಲ್ಲದ ಒಮ್ಮತ ಮೂಡಿ ಎಲ್ಲರೂ ನನ್ನನ್ನೇ ನೋಡಿದರು. ವರದಿಯಲ್ಲಿ ಆ ಒಂದು ಮೊಳದ ಬಗ್ಗೆ, ಕಟಕಟೆಯಲ್ಲಿ ಮೂಲ ಸ್ಥಿತಿಯಲ್ಲಿ ಉಳಿದಿರುವ ಏಕೈಕ ಭಾಗ, ಯಾರೋ ಕಿಡಿಗೇಡಿಯಿಂದ ಹಾನಿಯಾಗಿದೆ, ಹಾಗೇ ಕಾಪಾಡತಕ್ಕದ್ದು ಎಂದು ಬರೆದಿದೆ. ಕಿಡಿಗೇಡಿಯ ಹೆಸರು ಬರೆಯಲಿಲ್ಲವಲ್ಲ ಎಂದು ಗೌರಿಗೆ ಧನ್ಯವಾದ ಹೇಳಿದೆ. "ಅಲ್ಲೇ ಬರೆದಿದೆಯಲ್ಲ ಕಾಕಾ," ಎಂದಳು.

ಸಭೆಯಲ್ಲಿ ಸಹಿಯನ್ನು ಒಂದು ವರ್ಷ ಮುಂದೂಡಿದರು. ಅಷ್ಟರಲ್ಲಿ ರಿಪೇರಿಯ ದಾರಿ ಕಾಣಬೇಕು. ಸುಮತಿಯಕ್ಕ ಸದ್ಯ ಎಲ್ಲಿಗೂ ಹೋಗುವುದಿಲ್ಲ. ಕುರ್ಚಿ ಹಾಕಿಕೊಂಡು ಕೂತು, ನನ್ನ ಕೆಲಸದಲ್ಲಿ ತಪ್ಪು ತೋರಿಸುತ್ತಾರೆ. ಮನೆಯ ಕಿಟಕಿಯ ಸರಳನ್ನು ಒಮ್ಮೆಯೂ ಒರೆಸದ ಮನುಷ್ಯ ಇದು ಎಂದು ವನಜಾ ಬಂದು ನೋಡಿ ಫೋಟೋ ತೆಗೆದುಕೊಂಡು ಹೋದಳು. ಹನ್ನೊಂದು ಕಂಬಿ ಮುಗಿದಿವೆ. ಬರುವಾಗಲೂ ಹೋಗುವಾಗಲೂ ಲೋಕಲಿನಲ್ಲಿ ನಿದ್ದೆ ಹತ್ತುತ್ತದೆ, ಆದರೆ ಈಗ ಕನಸೂ ಗಿಳಿಹಸಿರು.

ಕಳೆದ ಭಾನುವಾರ ಅಕ್ಕನ ಸಜ್ಜಿಗೆ ಎರಡು ಸಲ ಬಡಿಸಿಕೊಂಡು ಹನ್ನೆರಡನೆಯ ಕಂಬಿ ಕೆರೆಯುತ್ತಿದ್ದಾಗ ಹೊಟ್ಟೆ ತಕರಾರು ತೆಗೆಯಿತು. ಸಾನಪಾಡಾ ಅರ್ಧ ಗಂಟೆ ದೂರ. ಅಷ್ಟು ಹೊತ್ತು ತಡೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಕ್ಕ ಏನೂ ಕೇಳದೆ ಬಕೆಟ್ ಕೊಟ್ಟರು. ಮೂವತ್ತು ವರ್ಷಗಳ ನಂತರ ಗ್ಯಾಲರಿಯ ಕೊನೆಯ ಸಂಡಾಸಿನ ಸಾಲಿನಲ್ಲಿ ನಿಂತೆ. ನನ್ನ ಹಿಂದೆ ಮಲ್ಲಪ್ಪ ಬಂದು ನಿಂತ. ಬಹಳ ವಿನಯದಿಂದ, "ಸಾಹೇಬ್ರ, ಇದನ್ನೂ ಹಿಂಗ ಉಳಿಸ್ಬೇಕಂತೇನ್ರಿ?" ಎಂದು ಕೇಳಿದ.

ಅಷ್ಟರಲ್ಲಿ ನನ್ನ ಸರದಿ ಬಂದದ್ದರಿಂದ ಉತ್ತರ ಕೊಡಬೇಕಾಗಲಿಲ್ಲ.