ಗೂಡ್ಸ್ ಸೈಡಿಂಗಿನ ಇತಿಹಾಸದಲ್ಲಿ ನಮ್ಮಪ್ಪ

ವಯಸ್ಸಾದ ಮೇಲೆ ಹೊಟ್ಟೆಕಿಚ್ಚು ತಾನಾಗಿಯೇ ಆರಿಹೋಗುತ್ತದೆ ಎನ್ನುವವರನ್ನು ದಯವಿಟ್ಟು ನಂಬಬೇಡಿ. ಕಣ್ಣು ಮಂಜಾಗುತ್ತದೆ, ಮಂಡಿ ಮುಷ್ಕರ ಹೂಡುತ್ತದೆ, ಹೊಟ್ಟೆಕಿಚ್ಚು ಮಾತ್ರ ಪರ್ಫೆಕ್ಟ್ ಹೆಲ್ತಿನಲ್ಲಿರುತ್ತದೆ. ಕಾನ್ವೆಂಟಿನಲ್ಲಿ ನಾನು ಗೆಳತಿಯ ಹೊಸ ರಿಬ್ಬನ್ನನ್ನು ನುಂಗುವಂತೆ ನೋಡಿದ್ದಕ್ಕೆ ಸಿಸ್ಟರ್ ಒಬ್ಬರು, 'ನಾನು ಅಸೂಯೆ ಪಡುವುದಿಲ್ಲ' ಎಂದು ಇಂಗ್ಲಿಷಿನಲ್ಲಿ ನೂರು ಸಲ ಇಂಪೊಸಿಷನ್ ಬರೆಸಿದ್ದರು. ಅದರಿಂದ ಹ್ಯಾಂಡ್‌ರೈಟಿಂಗ್ ಸುಧಾರಿಸಿತು, ಅಷ್ಟೇ.

ಈಗ ನನ್ನ ಹೊಟ್ಟೆ ಉರಿಸಿರುವುದು ಒಂದು ರೈಲು ಹಳಿ. ಬಳ್ಳಾರಿಯ ನಮ್ಮ ಓಣಿಯ ಹಿಂದೆ ಹಳೆಯ ಗೂಡ್ಸ್ ಸೈಡಿಂಗ್ ಇದೆ. ಮೇನ್ ಲೈನಿನಿಂದ ಕವಲೊಡೆದು ಬಂದು, ಪಾಳುಬಿದ್ದ ಹತ್ತಿ ಪ್ರೆಸ್ಸಿನ ಗೋಡೆಯ ಮುಂದೆ ನಿಂತುಬಿಟ್ಟಿದೆ. ಒಂದು ಕಾಲಕ್ಕೆ ಅಲ್ಲಿ ವ್ಯಾಗನ್ನುಗಳಿಗೆ ಹತ್ತಿಯನ್ನೂ ಸಿರುಗುಪ್ಪದ ಕಡೆಯ ಅಕ್ಕಿ ಮೂಟೆಗಳನ್ನೂ ತುಂಬುತ್ತಿದ್ದರು. ಈಗ ಜಾಲಿ ಬೆಳೆದಿದೆ. ಹಳಿಗೆ ಯಾರೋ ಎಮ್ಮೆ ಕಟ್ಟುತ್ತಾರೆ. ನಮ್ಮ ಮಹಿಳಾ ಸಮಾಜದ ಸ್ಮರಣ ಸಂಚಿಕೆಗೆ ಆ ಸೈಡಿಂಗಿನ ಹಿಸ್ಟರಿ ನಾನು ಬರೆಯುತ್ತೇನೆಂದು ಕೈಯೆತ್ತಿದೆ. ಸಮಾಜಸೇವೆ ಅಂದುಕೊಳ್ಳಬೇಡಿ. ಅಲ್ಲಿ ನಮ್ಮಪ್ಪ ಗೂಡ್ಸ್ ಕ್ಲರ್ಕ್ ಆಗಿದ್ದರು. ಜೀವಮಾನವಿಡೀ ಸರಕಿನ ರಸೀದಿಗಳಲ್ಲಿ ಬೇರೆಯವರ ಊರು-ಹೆಸರು ಬರೆದ ಮನುಷ್ಯನ ಹೆಸರು ಇವತ್ತಿನವರೆಗೆ ಎಲ್ಲೂ ಅಚ್ಚಾಗಿಲ್ಲ. ಕಣ್ಣು ಮುಚ್ಚುವುದರೊಳಗೆ ಒಂದು ಸಲ ಪ್ರಿಂಟಿನಲ್ಲಿ ನೋಡಬೇಕೆಂಬ ಆಸೆ ನನಗೆ.

ರೈಲ್ವೆಯವರಿಗೆ ಒಳ್ಳೆಯ ಇಂಗ್ಲಿಷಿನಲ್ಲಿ ಮೂರು ಪುಟದ ಪತ್ರ ಬರೆದೆ. ಅಷ್ಟು ಹಳೆಯ ಕಾಗದಗಳು ಉಳಿದಿಲ್ಲವೆಂದು ಅಷ್ಟೇ ಒಳ್ಳೆಯ ಇಂಗ್ಲಿಷಿನಲ್ಲಿ ಉತ್ತರ ಬಂತು. ಆಗ ಪಕ್ಕದ ಮನೆಯ ನೀಲಮ್ಮ ಕಾಂಪೌಂಡಿನಾಚೆಯಿಂದ ಕೂಗಿದಳು: "ಕುರುಗೋಡಿನಾಗ ಹುಸೇನಪ್ಪ ಅಂತ ಮುದುಕ ಅದಾನ್ರಿ ಅಕ್ಕಾರ. ಆ ಸೈಡಿಂಗಿನಾಗ ಹಮಾಲಿ ಮಾಡ್ದಾವ. ಹೋಗಾಕ ನೀವೊಬ್ರ ಯಾಕ, ನಾನೂ ಬರ್ತೀನಿ ನಡೀರಿ."

ನೀಲಮ್ಮ ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಬಸ್ಸು ಊರು ದಾಟುವುದರೊಳಗೆ ಪಕ್ಕದ ಸೀಟಿನ ಹೆಂಗಸಿನ ಮಗಳ ಸೀಮಂತಕ್ಕೆ ಇನ್ವಿಟೇಶನ್ ಗಳಿಸಿದ್ದಳು. ನನಗೆ ಕಿಟಕಿ ಸಿಕ್ಕಿತ್ತು.

ಹುಸೇನಪ್ಪನ ಮುಂದೆ ನಾನು ಕ್ವೆಶ್ಚನೇರ್ ಬಿಚ್ಚಿದೆ. "ಅಲ್ಲಿ ಒಬ್ಬರು ಗೂಡ್ಸ್ ಕ್ಲರ್ಕ್ ಇದ್ದರಲ್ಲವೇ?"

"ಹೌದ್ರಿ ಅಮ್ಮಾರ."

"ಕರಿ ಕೋಟು?"

"ಹೌದ್ರಿ."

"ಎತ್ತರವಾಗಿದ್ದರೇ?"

"ಹೌದ್ರಿ."

ನಮ್ಮಪ್ಪ ಐದಡಿಯೂ ಇರಲಿಲ್ಲ. ಸಂಶಯ ಬಂದು, "ಕುಳ್ಳಗಿದ್ದರೇ?" ಎಂದೆ. ಅದಕ್ಕೂ "ಹೌದ್ರಿ." ಮನೆಗೆ ಬಂದ ಕನ್ನಡಕದ ಹೆಂಗಸಿಗೆ ಇಲ್ಲ ಎನ್ನುವುದು ಮರ್ಯಾದೆಯಲ್ಲವೆಂದು ಅವನ ಲೆಕ್ಕ.

ನೀಲಮ್ಮ ನಡುವೆ ಬಾಯಿ ಹಾಕಿದಳು: "ಅದಿರ್ಲಿ ಮಾವ, ಬ್ಯಾಸಿಗ್ಯಾಗ ಮೂಟಿ ಹೊರೋವಾಗ ಏನ್ ಕುಡೀತಿದ್ರಿ?"

ಮುದುಕನ ಮುಖಕ್ಕೆ ದೀಪ ಹಚ್ಚಿದಂತಾಯಿತು. "ಗಂಗಮ್ಮನ ಮಜ್ಜಿಗಿ! ಹತ್ತಿ ಧೂಳು ಗಂಟಲಾಗ ಕುಂತು ಉಸಿರು ಕಟ್ತಿತ್ತವ್ವಾ. ಆಕಿ ಗಡಿಗಿ ಹೊತ್ಕೊಂಡು ಬಂದ್ರ ಮೂಟಿ ಅಲ್ಲೇ ಇಳಿಸ್ತಿದ್ವಿ. ಗಡಿಗಿ ಖಾಲಿ ಆಗೋತನಕ ವ್ಯಾಗನ್ ಬಾಗ್ಲಾ ಹಾಕ್ತಿದ್ದಿಲ್ಲ. ಎಂಜಿನ್ನು ಎಷ್ಟು ಕೂಗಿದ್ರೂ ಅಷ್ಟೇ!"

"ಮತ್ತೆ ಆ ಕ್ಲರ್ಕ್?" ಎಂದೆ.

"ಇದ್ದಿರಬೇಕ್ರಿ ಯಾರೋ ಒಬ್ಬ. ಬರಕೋಂತ ಕುಂದರ್ತಿದ್ದ."

ಯಾರೋ ಒಬ್ಬ! ನಾನು ಪೆನ್ನಿನ ಕ್ಯಾಪು ಹಾಕುವಷ್ಟರಲ್ಲಿ ನೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಆಕಿ ನಮ್ಮವ್ವ, ಮಾವ." ಹುಸೇನಪ್ಪ ಅವಳ ಎರಡೂ ಕೈ ಹಿಡಿದುಕೊಂಡ. ನನ್ನ ಕೈಯಲ್ಲಿ ಕ್ವೆಶ್ಚನೇರ್ ಇತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. "ಸಿಟ್ಟಾಗ್ಯಾರ ನಮ್ಮ ಅಕ್ಕಾರು," ಎಂದು ನೀಲಮ್ಮ ಮೊಣಕೈಯಿಂದ ತಿವಿದಳು. "ನಿಮ್ಮ ಅಪ್ಪಾರ ಹೆಸರ ಬರೀರಿ ಅತ್ಲಾಗ. ಮಜ್ಜಿಗಿ ಮಾರಾಕಿ ಇತಿಹಾಸದಾಗ ಯಾಕ?"

ನೋಡಿ, ಸೈಡಿಂಗ್ ಅವಳದಾಯಿತು, ಹೋಗಲಿ. ದೊಡ್ಡತನವೂ ಅವಳದೇ ಆಗಬೇಕೇ? ದಟ್ ವಾಸ್ ಟೂ ಮಚ್. ಹಠಕ್ಕೆ ಬಿದ್ದು ಗಂಗಮ್ಮನ ಮೇಲೆ ಪೂರ್ತಿ ಎರಡು ಪುಟ ಬರೆದೆ. ಕೊನೆಗೆ, ದೇವರು ಕ್ಷಮಿಸಲಿ, ಒಂದು ವಾಕ್ಯ ಸೇರಿಸಿದೆ: 'ಗೂಡ್ಸ್ ಕ್ಲರ್ಕ್ ಶ್ರೀನಿವಾಸರಾಯರು ಸಹ ದಿನವೂ ಗಂಗಮ್ಮನ ಮಜ್ಜಿಗೆ ಕುಡಿಯುತ್ತಿದ್ದರು.' ಶುದ್ಧ ಸುಳ್ಳು. ನಮ್ಮಪ್ಪ ಮಡಿಯ ಮನುಷ್ಯ; ಹೊರಗೆ ಒಂದು ಗುಟುಕು ನೀರು ಮುಟ್ಟಿದವರಲ್ಲ, ಮನೆಯಿಂದ ಹಿತ್ತಾಳೆ ಕೂಜಾ ಒಯ್ಯುತ್ತಿದ್ದರು. ಆದರೆ ಆ ಸೈಡಿಂಗಿನ ಇತಿಹಾಸದೊಳಗೆ ಅವರನ್ನು ಕರೆತರಲು ನನಗೆ ಬೇರೆ ಬಾಗಿಲು ಕಾಣಲಿಲ್ಲ.

ಬರೆದದ್ದನ್ನು ನೀಲಮ್ಮನಿಗೆ ಓದಿ ಹೇಳಿದೆ. ಆ ವಾಕ್ಯ ಬಂದಾಗ ದನಿ ಸ್ವಲ್ಪ ತಗ್ಗಿಸಿದೆ. ಅವಳು ಅವರೆಕಾಯಿ ಸುಲಿಯುತ್ತಲೇ ಅಂದಳು: "ಹೌದ್ರಿ ಅಕ್ಕಾರ, ನಮ್ಮವ್ವ ಹೇಳ್ತಿದ್ಲು. ಗ್ವಾಡಿ ಹಿಂದ ನಿಂತು ಕುಡೀತಿದ್ರಂತ. ಉಪ್ಪು ಹಾಕಬ್ಯಾಡ ಅಂತಿದ್ರಂತ."

ನಮ್ಮಪ್ಪ ನಿಜವಾಗಿಯೂ ಮಜ್ಜಿಗೆಗೆ ಉಪ್ಪು ಹಾಕಿಕೊಳ್ಳುತ್ತಿರಲಿಲ್ಲ. ಇದನ್ನು ನೀಲಮ್ಮನಿಗೆ ನಾನು ಎಂದಾದರೂ ಹೇಳಿದ್ದೇನೆಯೇ? ನೆನಪಿಲ್ಲ. ಅವಳ ಮಾತು ಸುಳ್ಳಾದರೆ ನನ್ನ ಸುಳ್ಳಿಗಿಂತ ಎಷ್ಟೋ ಚೆಂದದ ಸುಳ್ಳು. ನಿಜವಾದರೆ, ನಮ್ಮಪ್ಪ ಮನೆಯಲ್ಲಿ ಬಚ್ಚಿಟ್ಟದ್ದು ಇಷ್ಟು ವರ್ಷ ಅವಳಿಗೆ ಗೊತ್ತಿತ್ತು, ಮಗಳಾದ ನನಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯ ಸಾಲದೆ, ಸದ್ಯಕ್ಕೆ ಎರಡಕ್ಕೂ ಹೊಟ್ಟೆಕಿಚ್ಚು ಪಡುತ್ತಿದ್ದೇನೆ.