ಎರಡು ರಾಟೆಯ ಸನ್ಮಾನ ಪತ್ರ

ಸನ್ಮಾನ ಎಂದರೆ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ ಮತ್ತು ಚೌಕಟ್ಟು ಹಾಕಿದ ಸನ್ಮಾನ ಪತ್ರ. ಶಾಲು, ಹಾರ, ಹಣ್ಣುಗಳನ್ನು ಸನ್ಮಾನ ಮಾಡುವವರು ತರುತ್ತಾರೆ. ಪತ್ರವನ್ನು ಮಾತ್ರ ಸನ್ಮಾನಿತನೇ ಬರೆದು ಕೊಡಬೇಕು. ನಮ್ಮ ಸುಳ್ಯ ಸೀಮೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರೂ ನಿಷ್ಠೆಯಿಂದ ಪಾಲಿಸುವ ಸಂಪ್ರದಾಯವಿದು. "ನಿಮ್ಮ ಬಗ್ಗೆ ಎರಡು ಮಾತು ಬರೆದು ಕಳಿಸಿ, ನಾವು ಚಂದ ಮಾಡ್ತೇವೆ" ಎನ್ನುತ್ತಾರೆ. ಚಂದ ಮಾಡುವುದೆಂದರೆ ಸುತ್ತ ಹೂಬಳ್ಳಿಯ ಅಂಚು ಹಾಕುವುದು. (ಆಮೇಲೆ ವೇದಿಕೆಯಲ್ಲಿ ಅದನ್ನು ಓದುವಾಗ ಸನ್ಮಾನಿತನು ಈಗಷ್ಟೇ ಕೇಳಿದವನಂತೆ ತಲೆ ತಗ್ಗಿಸಿ ನಾಚಬೇಕು. ಅದಕ್ಕೂ ಸಾಧನೆ ಬೇಕು.)

ಊರ ಶಾಲೆಯ ಸಮಿತಿಗೆ ಬಹುಕಾಲ ಅಧ್ಯಕ್ಷರಾಗಿದ್ದ ದೇರಣ್ಣನವರು ಈ ಸಾಧನೆಗೆ ವರ್ಷಗಳಿಂದ ಸಿದ್ಧರಾಗಿ ಕುಳಿತಿದ್ದರು. ಊರಿನಲ್ಲಿ ಸನ್ಮಾನವಾಗದೆ ಉಳಿದವರು ತಾನು ಮತ್ತು ಬಸ್‌ಸ್ಟ್ಯಾಂಡಿನ ಅಶ್ವತ್ಥಮರ ಇಬ್ಬರೇ ಎಂದು ಅವರ ಲೆಕ್ಕ. ಮರಕ್ಕಾದರೂ ಯಾರೋ ಕೆಂಪು ಬಟ್ಟೆ ಸುತ್ತಿದ್ದರು. ಆದ್ದರಿಂದ ಶಾಲೆಯ ಶತಮಾನೋತ್ಸವದಲ್ಲಿ ತನಗೂ ಶಾಲು ಉಂಟು ಎಂದು ಗೊತ್ತಾದ ದಿನ ಅವರು ಊಟವನ್ನೂ ಬದಿಗಿಟ್ಟು ಕಂಪ್ಯೂಟರಿನ ಮುಂದೆ ಕುಳಿತರು. ಕುಳಿತ ಮೇಲೆ ನೆನಪಾಯಿತು, ಅದಕ್ಕೆ ಹೋದ ವಾರವಷ್ಟೇ ಸಿಡಿಲು ಬಡಿದಿತ್ತು.

ಮನೆಯಲ್ಲಿ ಇನ್ನೊಂದು ಕಂಪ್ಯೂಟರಿತ್ತು. ಹೊಸದು. ಆದರೆ ಅದು ಹೆಂಡತಿ ಪೂವಮ್ಮನದು. ಹಲಸಿನ ಹಪ್ಪಳ ಮಾರಿ, ಹಪ್ಪಳದ ಕಟ್ಟಿಗೆ ಲೇಬಲ್ ಮಾಡಲೆಂದು ಆಕೆ ತಂದದ್ದು. ದೇರಣ್ಣನವರ ಬೆರಳುಗಳಿಗೋ ಹಳೆಯ ಕನ್ನಡ ಟೈಪಿಂಗ್ ಮಾತ್ರ ಬರುತ್ತಿತ್ತು. ಆ ಹಳೆಯ ಟೈಪಿಂಗ್ ಹೊಸ ಕಂಪ್ಯೂಟರಿಗೆ ಬರುತ್ತಿರಲಿಲ್ಲ.

ಬೆಳ್ಳಾರೆಯಿಂದ ರಿಪೇರಿಯ ರವೂಫ್ ಬಂದ. ರವೂಫನ ಕೈಗಿಂತ ಬಾಯಿಗೆ ಕೆಲಸ ಜಾಸ್ತಿ.

"ಹಳೆಯದರ ದೇಹ ಹೋಗಿದೆ ದೇರಣ್ಣ. ಆತ್ಮ ಉಳಿದಿದೆ. ಅದನ್ನು ಪೂವಕ್ಕನ ಕಂಪ್ಯೂಟರಿನ ಒಳಗೆ ಕೂರಿಸಿ ಕೊಡ್ತೇನೆ. ವರ್ಚುವಲ್ ಮೆಷಿನ್ ಅಂತ ಹೇಳುದು. ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್."

"ಬಸುರಿಯ ಹಾಗೆ?"

"ಹಾಗೆಯೇ. ಆದರೆ ಹೆರುದಿಲ್ಲ. ಹೊರಗಿನದ್ದು ಹೋಸ್ಟ್, ಅಂದರೆ ಮನೆಯ ಯಜಮಾನ. ಒಳಗಿನದ್ದು ಗೆಸ್ಟ್. ನೆಂಟ."

"ಹಾಗಾದರೆ ನಾನು ನೆಂಟನ?"

"ಈಗ ಗೊತ್ತಾದದ್ದ?" ಎಂದರು ಪೂವಮ್ಮ, ಲೇಬಲ್ ಕತ್ತರಿಸುತ್ತ.

ರವೂಫ್ ವಿವರಿಸಿದ. ಒಳಗಿನದು ಹಳೆಯ ಕಾಲದ್ದು, ವೈರಸ್ ತಾಗಿದರೆ ತಡೆಯುವುದಿಲ್ಲ, ಆದ್ದರಿಂದ ಅದಕ್ಕೆ ಇಂಟರ್ನೆಟ್ ಇಲ್ಲ. ಒಳಗೆ ಬರೆದದ್ದು ಹೊರಗೆ ಬರಬೇಕಾದರೆ ಇರುವುದು ಒಂದೇ ದಾರಿ, ಶೇರ್ಡ್ ಫೋಲ್ಡರ್. "ಎರಡು ಮನೆಗೆ ಒಂದು ಬಾವಿ ಇದ್ದ ಹಾಗೆ ದೇರಣ್ಣ. ಆಚೆ ಒಂದು ರಾಟೆ, ಈಚೆ ಒಂದು ರಾಟೆ. ಯಾವ ಕಡೆಯಿಂದ ಎಳೆದರೂ ನೀರು ಒಂದೇ."

ಆ ಹೊತ್ತಿಗೆ ದೇರಣ್ಣನವರು ತಾನು 'ಶಿಕ್ಷಣ ಪ್ರೇಮಿ'ಯೋ 'ಶಿಕ್ಷಣ ಭೀಷ್ಮ'ನೋ ಎಂಬ ಗಹನ ಚಿಂತನೆಯಲ್ಲಿದ್ದುದರಿಂದ ಬಾವಿಯ ಸಂಗತಿ ಕಿವಿಯ ಹೊರಗೇ ಉಳಿಯಿತು. ಅವರಿಗೆ ಅರ್ಥವಾದದ್ದು ಇಷ್ಟು: ಫೋಲ್ಡರಿನಲ್ಲಿ ಇಟ್ಟರೆ ಒಂದು ನಕಲು ಹೊರಗೆ ಹೋಗುತ್ತದೆ, ಅಸಲು ಒಳಗೆ ತನ್ನ ಬಳಿ ಭದ್ರವಾಗಿರುತ್ತದೆ.

ಭೀಷ್ಮನೇ ಗೆದ್ದ. ಪತ್ರ ಹೀಗೆ ಶುರುವಾಯಿತು: 'ಶಿಕ್ಷಣ ಭೀಷ್ಮರೂ ಮಿತಭಾಷಿಗಳೂ ಸದಾ ಹಸನ್ಮುಖಿಗಳೂ ಆದ ತಾವು...' ನಡುವೆ ಮುಕುಟಮಣಿ: 'ತಮ್ಮ ಏಕಾಂಗಿ ಹೋರಾಟದಿಂದ ಶಾಲೆಗೆ ಆಟದ ಬಯಲನ್ನು ದೊರಕಿಸಿಕೊಟ್ಟಿರಿ.' ದೇರಣ್ಣನವರು ಅದನ್ನು ಫೋಲ್ಡರಿನಲ್ಲಿಟ್ಟು, ತಮ್ಮ ಬಗ್ಗೆ ತಮಗೇ ಗೌರವ ಉಕ್ಕಿ ಬಂದು, ಮಲಗಿದರು.

ಬೆಳಿಗ್ಗೆ ನೋಡಿದರೆ ಭೀಷ್ಮ ಇಲ್ಲ. ಮಿತಭಾಷಿಯೂ ಇಲ್ಲ. ತಾನೇ ಸೇವ್ ಮಾಡಲು ಮರೆತಿರಬೇಕೆಂದು ಎರಡನ್ನೂ ಪುನಃ ಪ್ರತಿಷ್ಠಾಪಿಸಿದರು. ಮರುದಿನ ಹಸನ್ಮುಖಿಯೂ ಜಾಗ ಖಾಲಿ ಮಾಡಿತ್ತು. ಸಿಡಿಲು ತಿಂದ ಆತ್ಮಕ್ಕೆ ಮತಿಭ್ರಮಣೆಯಾಗಿದೆ ಎಂದುಕೊಂಡರು. ಆದರೆ ಅದರ ಮರುದಿನ ಮುಕುಟಮಣಿಯಲ್ಲಿ 'ತಮ್ಮ' ಹೋಗಿ 'ಹೆಂಡತಿಯ' ಬಂದಿತ್ತು. 'ಹೆಂಡತಿಯ ಏಕಾಂಗಿ ಹೋರಾಟದಿಂದ ಶಾಲೆಗೆ ಆಟದ ಬಯಲನ್ನು ದೊರಕಿಸಿಕೊಟ್ಟಿರಿ.'

ರವೂಫನಿಗೆ ಫೋನು ಹೋಯಿತು. "ಅಲ್ಲ ರವೂಫ್, ಈ ವೈರಸ್ಸಿಗೆ ಹೆಂಗಸರ ಪಕ್ಷ ವಹಿಸುವ ಚಾಳಿ ಉಂಟ?"

"ಆ ವೈರಸ್ ನಿಮ್ಮ ಅಡುಗೆಮನೆಯಲ್ಲಿ ಉಂಟು ದೇರಣ್ಣ. ಒಂದೇ ಬಾವಿ ಅಂತ ಹೇಳಿದ್ದೆ ಅಲ್ಲವ?"

ಅಡುಗೆಮನೆಯ ವೈರಸ್ ಹಪ್ಪಳದ ಹಿಟ್ಟು ನಾದುತ್ತಿತ್ತು.

"ನೀನು ನನ್ನ ಪತ್ರಕ್ಕೆ ಕೈ ಹಾಕಿದ್ಯ?"

"ಒಂದು ಶಬ್ದ ಬಿಟ್ಟರೆ ಹೊಸತಾಗಿ ಎಂತದೂ ಹಾಕ್ಲಿಲ್ಲ. ಸುಳ್ಳು ಇದ್ದದ್ದನ್ನು ತೆಗೆದೆ. ತೆಗೆಯುತ್ತ ಹೋದರೆ ಕಡೆಗೆ ನಿಮ್ಮ ಹೆಸರು ಮಾತ್ರ ಉಳಿಯುದ ಅಂತ ನನಗೇ ಹೆದರಿಕೆ ಆಯ್ತು."

"ಹಸನ್ಮುಖಿ ಸುಳ್ಳಾ?"

"ಕನ್ನಡಿ ಅಲ್ಲೇ ಉಂಟು, ನೋಡಿಕೊಳ್ಳಿ."

"ಆಟದ ಬಯಲು?"

ಪೂವಮ್ಮನ ಕೈ ನಿಂತಿತು. ಆ ಜಾಗ ಅವರ ಅಣ್ಣ ಶೀನಪ್ಪನದು. ಶಾಲೆಯ ಬೇಲಿಗೆ ತಾಗಿದ ಆ ಸಮತಟ್ಟಿಗೆ ಆತ ರಬ್ಬರ್ ಗಿಡ ಇಡಲು ಹೊರಟಿದ್ದಾಗ ಪೂವಮ್ಮ ತವರಿನ ಜಗಲಿಯಲ್ಲಿ ಕುಳಿತು, ಜಾಗ ಬಿಡುವವರೆಗೆ ಈ ಮನೆಯ ನೀರು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದರು. ಸಂಜೆಗೆ ಅಣ್ಣ ಸೋತ. ಅಂದಿನಿಂದ ಇಂದಿನವರೆಗೆ ತಂಗಿಯನ್ನು ಒಂದು ಹಬ್ಬಕ್ಕೂ ಕರೆದಿಲ್ಲ.

"ನಿಮ್ಮ ಬಯಲಿಗೆ ನನ್ನ ತವರು ಹೋಯ್ತು," ಎಂದರು ಪೂವಮ್ಮ. "ನೀವು ಆಗ ಎಲ್ಲಿ ಇದ್ದದ್ದು? ಅಣ್ಣನ ನಾಯಿಗೆ ಹೆದರಿ ಗೇಟಿನ ಹೊರಗೆ."

ದೇರಣ್ಣನವರು ಸೀದಾ ಕಂಪ್ಯೂಟರಿನ ಒಳಗೆ ಹೋದರು. ಪತ್ರವನ್ನು ಫೋಲ್ಡರಿನಿಂದ ಎತ್ತಿ ಒಳಗಿನ ಕಂಪ್ಯೂಟರಿನ ಒಳಗಿಟ್ಟರು. ಅಲ್ಲಿಗೆ ಹೊರಗಿನ ಗಾಳಿ ಸೋಕದು. ಅಲ್ಲಿ ಭೀಷ್ಮ ಮರಳಿ ಬಂದ. ಜೊತೆಗೆ 'ದಾರ್ಶನಿಕ', 'ಧೀಮಂತ', 'ಅಜಾತಶತ್ರು' ಮುಂತಾದ ನೆಂಟರಿಷ್ಟರನ್ನೂ ಕರೆತಂದ. ಗೆಸ್ಟಿನ ಮನೆಯಲ್ಲಿ ಹಬ್ಬವೋ ಹಬ್ಬ. ಪತ್ರ ಅಚ್ಚು ಹಾಕುವ ಪ್ರೆಸ್ಸಿನಿಂದ ದಿನವೂ ಫೋನು. "ನಾಳೆ, ನಾಳೆ" ಎಂದು ದೇರಣ್ಣನವರು ವಿಶೇಷಣ ಸೇರಿಸುತ್ತಲೇ ಇದ್ದರು.

ಕೊನೆಗೆ ಉತ್ಸವದ ಹಿಂದಿನ ದಿನ ಬಂದಾಗ ಮಹಾಸತ್ಯ ಹೊಳೆಯಿತು. ಒಳಗೆ ಎಷ್ಟು ಭದ್ರವಾದರೇನು, ಹೊರಗೆ ಹೋಗಲು ದಾರಿ ಆ ಬಾವಿಯೊಂದೇ. ಬಾವಿಕಟ್ಟೆಯಲ್ಲಿ ಪೂವಮ್ಮ.

"ಒಂದು ಸಾಲು," ಎಂದರು ಪೂವಮ್ಮ. "ಜಾಗ ತಂದದ್ದು ನಾನು ಅಂತ. ಅದಿದ್ದರೆ ನಿಮ್ಮ ಭೀಷ್ಮ, ಮಿತಭಾಷಿ ಎಲ್ಲ ಹಾಗೇ ಇರಲಿ. ನಾನೇ ಪ್ರೆಸ್ಸಿಗೆ ಕಳಿಸ್ತೇನೆ."

"ಕಡೆಯಲ್ಲಿ ಹಾಕುವ. ಸಣ್ಣ ಅಕ್ಷರದಲ್ಲಿ."

"ಆಗಬಹುದು. ನಾಯಿಯೂ ಇರಲಿ."

"ನಾಯಿ ಯಾಕೆ ಮಾರಾಯ್ತಿ, ಸನ್ಮಾನ ಪತ್ರದಲ್ಲಿ?"

"ನಾಯಿ ಇಲ್ಲದಿದ್ದರೆ ನೀವು ಒಳಗೆ ಬಂದ ಹಾಗೆ ಆಗುದು."

ಮಧ್ಯಾಹ್ನದಿಂದ ಸಂಜೆಯವರೆಗೆ ಚರ್ಚೆ ನಡೆದು ಕರಡು ಅಂಗೀಕಾರವಾಯಿತು: 'ಆಟದ ಬಯಲಿನ ಜಾಗವನ್ನು ಕೇಳಿ ತಂದವರು ಪತ್ನಿ ಪೂವಮ್ಮ, ತಾವು ಶ್ವಾನ ನಿಮಿತ್ತ ದ್ವಾರದ ಹೊರಗಿದ್ದು ನೈತಿಕ ಬೆಂಬಲ ನೀಡಿದಿರಿ.' ಅಷ್ಟು ಸಂಸ್ಕೃತ ಸುರಿದರೆ ನಾಯಿ ಕಾಣಿಸದೆಂದು ದೇರಣ್ಣನವರ ನಂಬಿಕೆ. ಅಲ್ಲದೆ, ಸನ್ಮಾನ ಪತ್ರವನ್ನು ಕೊನೆಯವರೆಗೆ ಓದುವವರು ಯಾರು? ಪತ್ರವನ್ನು ಒಳಗಿನಿಂದ ಎತ್ತಿ ಫೋಲ್ಡರಿಗೆ ಹಾಕಿದರು. ಪೂವಮ್ಮ ಮಾತಿಗೆ ತಪ್ಪದೆ ಕಳಿಸಿದರು. ಆದರೆ ಅಷ್ಟರಲ್ಲಿ ಪ್ರೆಸ್ಸಿನವರು ಬಾಗಿಲು ಹಾಕಿ ಹೋಗಿದ್ದರು. ಪತ್ರ ಉತ್ಸವ ಕಳೆದು ಎರಡು ದಿನ ಬಿಟ್ಟು ಮನೆಗೇ ಬರುತ್ತದೆ, ಸದ್ಯ ಮೊಬೈಲಿನಲ್ಲಿ ನೋಡಿ ಓದುತ್ತಾರೆ ಎಂದಾಯಿತು.

ಮರುದಿನ ವೇದಿಕೆಯಲ್ಲಿ ದೇರಣ್ಣನವರು ಒಬ್ಬರೇ ಕುಳಿತರು. ಪತ್ನಿ ಸಮೇತ ಕರೆಯುತ್ತೇವೆ ಎಂದಿದ್ದರು. "ಅವಳಿಗೆ ವೇದಿಕೆ ಎಂದರೆ ಆಗುದಿಲ್ಲ" ಎಂದು ಇವರೇ ತಪ್ಪಿಸಿದ್ದರು. ಪೂವಮ್ಮ ಶಾಲೆಯ ಹಿಂದಿನ ಅಡುಗೆ ಕೊಟ್ಟಿಗೆಯಲ್ಲಿ ಪಾಯಸಕ್ಕೆ ತೆಂಗಿನಹಾಲು ಹಿಂಡುತ್ತಿದ್ದರು.

ಹಾರ ಬಿತ್ತು, ಶಾಲು ಬಿತ್ತು. ಚೌಕಟ್ಟಿನ ಬದಲು ಬೇರೆ ಯಾರದೋ ಹಳೆಯ ಚೌಕಟ್ಟನ್ನು ಹಿಂದುಮುಂದಾಗಿ ಕೊಟ್ಟು ಫೋಟೋ ತೆಗೆದು ವಾಪಸು ಪಡೆದರು. ದೇರಣ್ಣನವರು ತಲೆ ತಗ್ಗಿಸಿ ನಾಚಲು ಅಣಿಯಾದರು. ನಿರೂಪಣೆಯ ಸಮನ್ವಿತಾ ಟೀಚರ್ ಮೊಬೈಲು ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಮುಖ್ಯ ಅತಿಥಿಗಳು ಗಡಿಯಾರ ನೋಡಿದರು. ಅವರಿಗೆ ಕಡಬದಲ್ಲಿ ಇನ್ನೊಂದು ಉದ್ಘಾಟನೆ ಇತ್ತು.

"ಸಮಯದ ಅಭಾವದಿಂದ ಪತ್ರದ ಕೊನೆಯ ಸಾಲನ್ನು ಮಾತ್ರ ಓದುತ್ತೇನೆ," ಎಂದರು ಟೀಚರ್.

ಓದಿದರು. ಸ್ಪಷ್ಟವಾಗಿ, ಭಾವಪೂರ್ಣವಾಗಿ ಓದಿದರು. ಮೇಷ್ಟ್ರ ಜಾತಿಯಲ್ಲವೇ, ಎದುರು ಕುಳಿತ ಮಕ್ಕಳಿಗಾಗಿ ಅರ್ಥವನ್ನೂ ಹೇಳಿದರು: "ಶ್ವಾನ ಅಂದರೆ ನಾಯಿ ಮಕ್ಕಳೇ."

ಸಭೆಯಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಆ ದಿನ ಮತ್ತೆ ಯಾರಿಗೂ ಬೀಳಲಿಲ್ಲ.

ಮನೆಗೆ ಬಂದು ಕಾಲು ತೊಳೆಯುವಾಗ ಪೂವಮ್ಮ ಕೇಳಿದರು. "ನನ್ನ ಸಾಲು ಓದಿದರ?"

ದೇರಣ್ಣನವರು ಶಾಲು ಮಡಚುತ್ತ ಯೋಚಿಸಿದರು. ಒಂದು 'ಹೌದು' ಹೇಳಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ.

"ಎಲ್ಲಿ ಮಾರಾಯ್ತಿ. ಸಮಯ ಇರ್ಲಿಲ್ಲ. ಎಂತದೂ ಓದ್ಲಿಲ್ಲ."

ಪೂವಮ್ಮ ಕಾಲು ಒರೆಸಿಕೊಂಡರು. ಆಮೇಲೆ ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತರು. ಲೇಬಲ್ ಇರಬೇಕು ಎಂದುಕೊಂಡು ದೇರಣ್ಣನವರು ನಿದ್ದೆ ಹೋದರು.

ಎರಡು ದಿನ ಬಿಟ್ಟು ಪ್ರೆಸ್ಸಿನಿಂದ ಚೌಕಟ್ಟು ಬಂತು. ಗೋಡೆಯಲ್ಲಿ ಮೊಳೆ ಸಿದ್ಧವಿತ್ತು. ದೇರಣ್ಣನವರು ಕಾಗದ ಬಿಚ್ಚಿದರು. ಸುತ್ತ ಹೂಬಳ್ಳಿ. ಮೇಲೆ ಅವರ ಹೆಸರು. ಕೆಳಗೆ ಜಾಗ ಧಾರಾಳವಾಗಿದ್ದುದರಿಂದ ಪ್ರೆಸ್ಸಿನವರು ಆ ಒಂದೇ ಸಾಲನ್ನು ದೊಡ್ಡ, ಬಂಗಾರದ ಬಣ್ಣದ ಅಕ್ಷರಗಳಲ್ಲಿ ಹರಡಿ ಹಾಕಿದ್ದರು. ಭೀಷ್ಮ ಇಲ್ಲ, ಧೀಮಂತ ಇಲ್ಲ. ಶ್ವಾನ ಇತ್ತು.

ದೇರಣ್ಣನವರು ಒಳಗಿನ ಕಂಪ್ಯೂಟರಿಗೆ ಓಡಿದರು. ಅಲ್ಲಿ ಏನೂ ಉಳಿದಿರಲಿಲ್ಲ. ಅವರೇ ಎತ್ತಿ ಬಾವಿಗೆ ಹಾಕಿದ್ದರು. ಬಾವಿಯಲ್ಲಿಯೂ ಆ ಒಂದೇ ಸಾಲು.

"ಉಳಿದದ್ದು ಎಲ್ಲಿ?"

"ಓದದೆ ಬಿಟ್ಟದ್ದನ್ನೆಲ್ಲ ತೆಗೆದು ಪ್ರೆಸ್ಸಿಗೆ ಪುನಃ ಕಳಿಸಿದೆ," ಎಂದರು ಪೂವಮ್ಮ ಹಪ್ಪಳ ಒತ್ತುತ್ತ. "ಮೈಕಿನ ಹಾರ್ನ್ ಅಡುಗೆ ಕೊಟ್ಟಿಗೆಯಲ್ಲಿ ನಮ್ಮ ತಲೆ ಮೇಲಿನ ಮಾಡಿಗೇ ಕಟ್ಟಿದ್ದರು, ನೀವು ನೋಡ್ಲಿಲ್ಲವ? ಬಾಕಿದ್ದು ಸುಮ್ಮನೆ ಜಾಗ ತಿನ್ನುತ್ತ ಇತ್ತು."